ಮನೆಯಿಂದಲೇ ಓದುವುದೋ, ಹೊರಗೆ ಹೋಗುವುದೋ: ಕಾಲೇಜಿಗೆ ಮುನ್ನ ಹಾಕಬೇಕಾದ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಬೆಂಗಳೂರಿನ ಮನೆಗಳಲ್ಲಿ ನಡೆಯುವ ಮಾತುಕತೆಯಲ್ಲಿ ಕೋರ್ಸು, ಕಾಲೇಜಿನ ಹೆಸರು ಮತ್ತು ಶುಲ್ಕ ಮೊದಲು ಬರುತ್ತವೆ. ಮಕ್ಕಳು ಮನೆಯಲ್ಲೇ ಇದ್ದು ಓದಬೇಕೋ, ಹಾಸ್ಟೆಲ್ ಅಥವಾ ಪಿಜಿ ಸೇರಬೇಕೋ ಎಂಬುದನ್ನು ಸೀಟು ಸಿಕ್ಕ ಮೇಲೆ ನೋಡಿಕೊಂಡರಾಯಿತೆಂದು ಬಹಳಷ್ಟು ಮಂದಿ ಬದಿಗಿಡುತ್ತಾರೆ. ಆದರೆ ಸಿಇಟಿ ಮೂಲಕ ಸೀಟು ಪಡೆಯುವವರ ಮಟ್ಟಿಗೆ ಈ ಪ್ರಶ್ನೆ ಸೀಟು ಸಿಗುವ ಹೊತ್ತಿಗೆ ಮುಗಿದುಹೋಗಿರುತ್ತದೆ. ಅದನ್ನು ತೀರ್ಮಾನಿಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಯಲ್ಲಿ ನಾವು ಕಾಲೇಜುಗಳನ್ನು ಯಾವ ಕ್ರಮದಲ್ಲಿ ತುಂಬಿದ್ದೇವೆ ಎಂಬ ಸಂಗತಿ.

ಆ ಕ್ರಮ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಅಭ್ಯರ್ಥಿಯ ರ‍್ಯಾಂಕಿಗೆ ಸರದಿ ಬಂದಾಗ ಕಂಪ್ಯೂಟರ್ ಆತನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಖಾಲಿ ಇರುವ ಮೊದಲನೆಯ ಸೀಟನ್ನು ಹಂಚುತ್ತದೆ. ಮನೆಯಿಂದ ಎಷ್ಟು ದೂರ, ಹಾಸ್ಟೆಲ್ ಇದೆಯೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಿಲ್ಲ. ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆಗಳಿರುತ್ತವೆ: ಸೀಟನ್ನು ಒಪ್ಪಿ ಸೇರುವುದು ಚಾಯ್ಸ್ 1, ಒಪ್ಪಿಕೊಂಡೂ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕಾಗಿ ಮುಂದಿನ ಸುತ್ತಿಗೆ ಕಾಯುವುದು ಚಾಯ್ಸ್ 2, ಬೇಡವೆಂದು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಚಾಯ್ಸ್ 3, ಪ್ರಕ್ರಿಯೆಯಿಂದಲೇ ಹೊರಬರುವುದು ಚಾಯ್ಸ್ 4. ಇವುಗಳಲ್ಲಿ ಎಚ್ಚರ ಬೇಕಾದದ್ದು ಚಾಯ್ಸ್ 2ರಲ್ಲಿ. ಮುಂದಿನ ಸುತ್ತಿನಲ್ಲಿ ಮೇಲಿನ ಕಾಲೇಜು ಸಿಕ್ಕರೆ ಕೈಯಲ್ಲಿದ್ದ ಸೀಟು ತಾನಾಗಿಯೇ ರದ್ದಾಗುತ್ತದೆ. ಹೆಸರು ದೊಡ್ಡದೆಂಬ ಒಂದೇ ಕಾರಣಕ್ಕೆ ನಗರದ ಇನ್ನೊಂದು ತುದಿಯ ಕಾಲೇಜನ್ನು ಮೇಲೆ ಬರೆದಿದ್ದ ವಿದ್ಯಾರ್ಥಿ, ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದ್ದ ಕಾಲೇಜನ್ನು ಹೀಗೆ ಕಳೆದುಕೊಂಡು, ಜುಲೈ–ಆಗಸ್ಟ್ ಹೊತ್ತಿಗೆ ಅವಸರದಲ್ಲಿ ಪಿಜಿ ಹುಡುಕುತ್ತಾ ಅಲೆಯುವುದನ್ನು ಪ್ರತಿ ವರ್ಷ ನೋಡುತ್ತೇವೆ. ಆದ್ದರಿಂದ ನಿಜವಾದ ಹಂಚಿಕೆಗೆ ಮುನ್ನ ಮಾದರಿಗಾಗಿ ನಡೆಸುವ ಅಣಕು ಹಂಚಿಕೆಯ ಫಲಿತಾಂಶ ಬಂದಾಗ, ಅಂದರೆ ಪಟ್ಟಿಯನ್ನು ಇನ್ನೂ ತಿದ್ದಲು ಅವಕಾಶವಿರುವಾಗಲೇ, ಪ್ರತಿ ಕಾಲೇಜಿನ ಹೆಸರಿನ ಮುಂದೆ ಎರಡು ಅಂಕಿಗಳನ್ನು ಬರೆದುಕೊಳ್ಳಬೇಕು. ಮೊದಲನೆಯದು ಮನೆಬಾಗಿಲಿನಿಂದ ತರಗತಿಯ ಬಾಗಿಲಿಗೆ ಬೇಕಾಗುವ ಸಮಯ, ಎರಡನೆಯದು ಶುಲ್ಕವನ್ನು ಬಿಟ್ಟು ತಿಂಗಳು ತಿಂಗಳಿಗೆ ಬೀಳುವ ಖರ್ಚು.

ಕೆಲವು ಕಡೆ ಈ ಪ್ರಶ್ನೆಯೇ ಏಳುವುದಿಲ್ಲ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯೂ 2011ರಲ್ಲಿ ಪದವಿ ತರಗತಿ ಆರಂಭಿಸಿದ ಭಾರತೀಯ ವಿಜ್ಞಾನ ಸಂಸ್ಥೆಯೂ ವಿದ್ಯಾರ್ಥಿಗಳು ಆವರಣದಲ್ಲೇ ಇದ್ದು ಓದುವ ವ್ಯವಸ್ಥೆಯನ್ನು ಇಟ್ಟುಕೊಂಡಿವೆ. ಸುರತ್ಕಲ್‌ನ ಎನ್‌ಐಟಿಗೋ ಧಾರವಾಡದ ಐಐಟಿಗೋ ಹೋಗುವ ಬೆಂಗಳೂರಿನ ಹುಡುಗನ ಮುಂದೆಯೂ ಬೇರೆ ದಾರಿಯಿಲ್ಲ. ವೈದ್ಯಕೀಯದಲ್ಲಿ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಬೀದರ್, ಕಾರವಾರ, ಕೊಪ್ಪಳ, ಗದಗ, ಮಡಿಕೇರಿ, ಚಾಮರಾಜನಗರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಸರ್ಕಾರಿ ಸೀಟಿನ ಶುಲ್ಕಕ್ಕೂ ಬೆಂಗಳೂರಿನ ಖಾಸಗಿ ಕಾಲೇಜಿನ ಖಾಸಗಿ ಕೋಟಾದ ಶುಲ್ಕಕ್ಕೂ ಇರುವ ಅಂತರದಲ್ಲಿ ಐದೂವರೆ ವರ್ಷಗಳ ಹಾಸ್ಟೆಲ್ ಖರ್ಚು, ಊರಿಗೆ ಬಂದುಹೋಗುವ ಖರ್ಚು ಎರಡೂ ಸೇರಿಸಿದರೂ ತುಂಬ ಹಣ ಉಳಿಯುತ್ತದೆ. ಸುಮಾರು 700 ಕಿಲೋಮೀಟರ್ ದೂರದ ಬೀದರ್ ಎಂದ ಕೂಡಲೇ ಬೇಡವೆನ್ನುವ ಹಿರಿಯರು ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಬೇಕು.

ನಿಜವಾದ ಗೊಂದಲ ಇರುವುದು ಬೆಂಗಳೂರಿನಲ್ಲೇ ಮನೆಯಿದ್ದು, ಬೆಂಗಳೂರಿನಲ್ಲೇ ಸೀಟು ಸಿಕ್ಕವರಿಗೆ. ಊರೊಳಗೇ ಕಾಲೇಜು ಇರುವಾಗ ಮನೆ ಬಿಡುವುದೇಕೆ ಎಂಬ ಮಾತು ಬೇರೆ ಊರುಗಳಲ್ಲಿ ಸರಿಯಾದೀತು; ಇಲ್ಲಿ ಕಿಲೋಮೀಟರ್ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಸಂಚಾರ ದಟ್ಟಣೆಯ ಬಗ್ಗೆ ಟಾಮ್‌ಟಾಮ್ ಸಂಸ್ಥೆ ಪ್ರಕಟಿಸುವ ವರದಿಯ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಬೇಕಾಗುತ್ತಿತ್ತು. ಅದು ಸ್ವಂತ ವಾಹನದಲ್ಲಿ ಹೋಗುವವರ ಲೆಕ್ಕ. ಬಸ್ಸಿಗೆ ಕಾಯುವ ಹೊತ್ತು, ಬಸ್ಸು ಬದಲಾಯಿಸುವ ಹೊತ್ತು ಮತ್ತು ನಿಲ್ದಾಣದಿಂದ ಕಾಲೇಜಿನವರೆಗೆ ನಡೆಯುವ ಹೊತ್ತು ಅದರಲ್ಲಿ ಸೇರಿಲ್ಲ. ಇದರ ಮೇಲೆ, ಇಲ್ಲಿನ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಲವು ಮೈಸೂರು ರಸ್ತೆ, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ಯಲಹಂಕ, ದೇವನಹಳ್ಳಿ ಕಡೆಗಳಲ್ಲಿ ಊರಿನ ಅಂಚಿನಲ್ಲಿವೆ.

ಯಲಹಂಕ ನ್ಯೂ ಟೌನ್‌ನಲ್ಲಿ ಮನೆಯಿದ್ದು ಬನ್ನೇರುಘಟ್ಟ ರಸ್ತೆಯ ಕಾಲೇಜಿಗೆ ಹೋಗುವ ಹುಡುಗಿಯ ಒಂದು ದಿನವನ್ನು ತೆಗೆದುಕೊಳ್ಳಿ. ಒಂಬತ್ತರ ತರಗತಿಗೆ ಆಕೆ ಆರೂಮುಕ್ಕಾಲಿಗೆ ಮನೆ ಬಿಡಬೇಕು. ಮೆಜೆಸ್ಟಿಕ್‌ವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ತಿಂಡಿ ಡಬ್ಬಿಯಲ್ಲೇ ಉಳಿದು, ಎರಡನೆಯ ಪೀರಿಯಡ್ ಮುಗಿದ ಮೇಲೆ ತಣ್ಣಗಾದ ಅವಲಕ್ಕಿಯೇ ಆಕೆಯ ಬೆಳಗಿನ ಉಪಾಹಾರ. ಲ್ಯಾಬ್ ಇರುವ ದಿನ ನಾಲ್ಕೂವರೆಗೆ ಹೊರಟರೆ ಮನೆ ಮುಟ್ಟುವಾಗ ಏಳು ಗಂಟೆ. ಮಳೆ ಬಂದು ಅಂಡರ್‌ಪಾಸ್‌ಗಳಲ್ಲಿ ನೀರು ನಿಂತರೆ ಎಷ್ಟು ಗಂಟೆಯೆಂದು ಯಾರೂ ಹೇಳಲಾರರು. ಅಷ್ಟು ದೂರ ಹೋಗಿ ಬಂದವಳು ಎಂಟಕ್ಕೆ ಪುಸ್ತಕ ಹಿಡಿದರೆ ಒಂಬತ್ತೂವರೆಗೆ ತೂಕಡಿಕೆ. ಅಷ್ಟು ದೂರವಿಲ್ಲದೆ, ಹೋಗಲು ಒಂದೂವರೆ ಗಂಟೆ ಬರಲು ಒಂದೂವರೆ ಗಂಟೆ ಎಂದಿಟ್ಟುಕೊಂಡರೂ, ವಾರಕ್ಕೆ ಆರು ದಿನ, 16 ವಾರಗಳ ಒಂದು ಸೆಮಿಸ್ಟರ್‌ಗೆ 288 ಗಂಟೆಗಳಾಗುತ್ತವೆ. ದಿನಕ್ಕೆ ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಅದು 36 ದಿನ.

ಸಮಯಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ. ಕಾಲೇಜು ಬಸ್ಸಿನಲ್ಲಿ ಓಡಾಡುವವರಿಗೆ ದಾರಿಯ ಆಯಾಸ ಕಡಿಮೆಯೆನ್ನುವುದು ನಿಜ, ಆದರೆ ಆ ಬಸ್ಸು ಹೊರಡುವ ಹೊತ್ತೇ ಅವರ ಕಾಲೇಜು ಮುಗಿಯುವ ಹೊತ್ತೂ ಆಗಿಬಿಡುತ್ತದೆ. ನಾಟಕದ ತಾಲೀಮು, ಪ್ರಾಜೆಕ್ಟ್ ಗೆಳೆಯರ ಚರ್ಚೆ, ಪ್ಲೇಸ್‌ಮೆಂಟ್ ತಯಾರಿ, ಸಂಜೆಯ ಹೊತ್ತು ಬಿಡುವಾಗಿ ಸಿಗುವ ಅಧ್ಯಾಪಕರ ಜೊತೆಗಿನ ಮಾತು ಎಲ್ಲವೂ ನಡೆಯುವುದು ಬಸ್ಸು ಹೋದ ಮೇಲೆ. ಹಾಸ್ಟೆಲ್‌ನಲ್ಲಿದ್ದವರು ಚುರುಕಾಗಿರುತ್ತಾರೆ ಎಂಬ ಸಾಮಾನ್ಯ ಮಾತಿನ ಹಿಂದೆ ಇರುವುದು, ನನಗೆ ತೋರುವಂತೆ, ಅವರ ಬುದ್ಧಿಗಿಂತ ಹೆಚ್ಚಾಗಿ ಆ ಸಂಜೆಯ ಮೂರು ಗಂಟೆ.

ಮೆಟ್ರೊ ಈ ಲೆಕ್ಕವನ್ನು ಕೆಲವು ದಾರಿಗಳಲ್ಲಿ ಪೂರ್ತಿ ಬದಲಾಯಿಸಿದೆ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಯಿತು, ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಕೆಂಗೇರಿಯ ಹುಡುಗ ಕೆ.ಆರ್. ವೃತ್ತದ ಬಳಿಯ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವುದಾದರೆ ಮನೆ ಬಿಡುವ ಮಾತೇ ಎತ್ತಬೇಕಾಗಿಲ್ಲ. ಮೆಟ್ರೊ ಅವನನ್ನು ಹೆಚ್ಚುಕಡಿಮೆ ಕಾಲೇಜಿನ ಬಾಗಿಲಿಗೇ ಬಿಡುತ್ತದೆ. ಆದರೆ 2025ರ ಫೆಬ್ರುವರಿಯಲ್ಲಿ ಗರಿಷ್ಠ ಪ್ರಯಾಣ ದರ 60ರಿಂದ 90 ರೂಪಾಯಿಗೆ ಏರಿದ್ದನ್ನು ಗಮನದಲ್ಲಿಡಬೇಕು. ಆ ದರದಲ್ಲಿ ದಿನಾ ಹೋಗಿಬರುವವರಿಗೆ ತಿಂಗಳಿಗೆ 24 ದಿನವೆಂದರೂ, ಸ್ಮಾರ್ಟ್ ಕಾರ್ಡಿನ ಶೇ 5ರ ರಿಯಾಯಿತಿ ಕಳೆದ ಮೇಲೂ, ಖರ್ಚು ನಾಲ್ಕು ಸಾವಿರ ದಾಟುತ್ತದೆ. ಮನೆಯಿಂದ ಓದಿದರೆ ಖರ್ಚೇ ಇಲ್ಲ ಎನ್ನುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಕಿ ಇದು.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತ, ಎ.ಸಿ. ವಜ್ರ ಬಸ್ಸುಗಳಿಗೆ ಇದು ಅನ್ವಯಿಸದು. ಗಂಡುಮಕ್ಕಳು ಬಿಎಂಟಿಸಿಯ ವಿದ್ಯಾರ್ಥಿ ಪಾಸು ಮಾಡಿಸಿಕೊಳ್ಳಬೇಕು. ತುಮಕೂರು, ರಾಮನಗರ, ಬಂಗಾರಪೇಟೆ ಕಡೆಯಿಂದ ರೈಲಿನಲ್ಲಿ ಬಂದುಹೋಗುವವರಿಗೆ ಇನ್ನೊಂದು ಸೌಲಭ್ಯವಿದೆ: ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ ಮನೆ ಮತ್ತು ಕಾಲೇಜಿನ ನಡುವೆ ಎರಡನೆಯ ದರ್ಜೆಯ ಮಾಸಿಕ ಸೀಸನ್ ಟಿಕೆಟನ್ನು ರೈಲ್ವೆ ಉಚಿತವಾಗಿ ಕೊಡುತ್ತದೆ. ಗಂಡುಮಕ್ಕಳಿಗೆ ಈ ಉಚಿತ ಸೌಲಭ್ಯ 12ನೇ ತರಗತಿಗೇ ನಿಲ್ಲುತ್ತದೆ.

ಇನ್ನು ಹೊರಗಿನ ವಾಸ. ಬೆಂಗಳೂರಿನ ಪಿಜಿಗಳಲ್ಲಿ ಮೂವರು ಹಂಚಿಕೊಳ್ಳುವ ಕೋಣೆಗೆ ಊಟ ಸೇರಿ ತಿಂಗಳಿಗೆ ಏಳೆಂಟು ಸಾವಿರದಿಂದ ಆರಂಭವಾಗಿ, ಬಡಾವಣೆಯನ್ನೂ ಕೋಣೆಯಲ್ಲಿರುವವರ ಸಂಖ್ಯೆಯನ್ನೂ ಅನುಸರಿಸಿ ಬೆಲೆ ಏರುತ್ತಾ ಹೋಗುತ್ತದೆ. ಒಂಬತ್ತು ಸಾವಿರವೆಂದು ಹಿಡಿದು ವರ್ಷಕ್ಕೆ ಹತ್ತು ತಿಂಗಳು ಲೆಕ್ಕ ಹಾಕಿದರೆ 90,000 ರೂಪಾಯಿ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷಕ್ಕಿಳಿದಿರುವ ಸಾಮಾನ್ಯ ಪದವಿಗೆ 2,70,000, ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ 3,60,000. ರಜೆಯ ಎರಡು ತಿಂಗಳು ಕೋಣೆಯನ್ನು ಬಿಡದೆ ಹಿಡಿದಿಟ್ಟುಕೊಳ್ಳಬೇಕಾದರೆ ಅದೂ ಸೇರಿಕೊಳ್ಳುತ್ತದೆ. ತಿಂಗಳ ಬಾಡಿಗೆಯಷ್ಟೋ ಅದಕ್ಕಿಂತ ಹೆಚ್ಚೋ ಅಡ್ವಾನ್ಸ್ ಕೇಳುತ್ತಾರೆ. ಬಿಡುವಾಗ ಮೇಂಟೆನೆನ್ಸ್ ಎಂದು ಅದರಲ್ಲಿ ಒಂದು ಭಾಗವನ್ನು ಮುರಿದುಕೊಳ್ಳುವುದು ರೂಢಿ. ಎಷ್ಟು ಮುರಿಯುತ್ತಾರೆ ಎಂಬುದನ್ನು ಸೇರುವ ದಿನವೇ ರಸೀದಿಯ ಮೇಲೆ ಬರೆಸಿಕೊಳ್ಳದಿದ್ದರೆ ಆಮೇಲೆ ವಾದಿಸಿ ಫಲವಿಲ್ಲ. ತಿಂಗಳಿಗೆ 20,000 ರೂಪಾಯಿವರೆಗಿನ ವಾಸದ ಶುಲ್ಕಕ್ಕೆ, ಕನಿಷ್ಠ 90 ದಿನ ಸತತವಾಗಿ ಉಳಿಯುವವರಿಗೆ, 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್ಲಿನಲ್ಲಿ ಅದನ್ನು ಸೇರಿಸಿದ್ದರೆ ಏಕೆಂದು ಕೇಳಬಹುದು.

ಪಿಜಿ ನೋಡಲು ಭಾನುವಾರ ಮಧ್ಯಾಹ್ನ ಹೋಗುವುದು ನಮ್ಮ ವಾಡಿಕೆ. ಆ ಹೊತ್ತಿನಲ್ಲಿ ಎಲ್ಲ ಪಿಜಿಗಳೂ ಚೆನ್ನಾಗಿಯೇ ಕಾಣುತ್ತವೆ. ವಾರದ ಮಧ್ಯದ ಒಂದು ದಿನ ಬೆಳಿಗ್ಗೆ ಏಳೂವರೆಗೆ ಹೋದರೆ ಸ್ನಾನಕ್ಕೆ ಬಕೆಟ್ ಇಟ್ಟು ಕಾಯುವವರ ಸಾಲು, ಬಿಸಿನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದು, ಒಂದೇ ಪ್ಲಗ್‌ಗೆ ಸಿಕ್ಕಿಸಿದ ಮೂರು ಚಾರ್ಜರ್‌ಗಳು, ಮಹಡಿಯ ಮೆಟ್ಟಿಲಿನ ಮೇಲೆ ಜೋಡಿಸಿದ ಗ್ಯಾಸ್ ಸಿಲಿಂಡರ್‌ಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. 2024ರಲ್ಲಿ ಬಿಬಿಎಂಪಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ, ಅಗ್ನಿ ಸುರಕ್ಷತೆ ಇವೆಲ್ಲ ಇರಬೇಕೆಂದು ಹೇಳಲಾಗಿತ್ತು. ಹತ್ತಡಿಗೆ ಹನ್ನೆರಡಡಿ ಕೋಣೆಯಲ್ಲಿ ಮೂರು ಮಂಚ ಹಾಕಿದ್ದರೆ ಒಬ್ಬರಿಗೆ 40 ಚದರಡಿ; ಮಾಲೀಕರ ಜೊತೆ ಜಗಳಕ್ಕೆ ನಿಲ್ಲದಿದ್ದರೂ ಈ ಗುಣಾಕಾರವನ್ನು ಅಲ್ಲೇ ನಿಂತು ಮಾಡಿಕೊಳ್ಳಬಹುದು. ಊಟವನ್ನು ಒಂದು ದಿನ ದುಡ್ಡು ಕೊಟ್ಟು ಉಂಡು ನೋಡುವುದು ಎಲ್ಲಕ್ಕಿಂತ ಸರಳ ಪರೀಕ್ಷೆ. ಸಕ್ಕರೆ ಕಾಯಿಲೆಯೋ ಗ್ಯಾಸ್ಟ್ರಿಕ್ಕೋ ಇರುವ ಮಕ್ಕಳ ಮಟ್ಟಿಗಂತೂ, ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಪಲಾವ್ ಎಂಬ ಪಟ್ಟಿಯಲ್ಲೇ ತೀರ್ಮಾನ ಇರುತ್ತದೆ.

ಪಿಜಿಗೆ ಹಣವಿಲ್ಲದವರು ಬೆಂಗಳೂರಿನಲ್ಲಿ ಓದಲಾರರೆಂದೇನೂ ಅಲ್ಲ. ಹಿಂದಿನ ತಲೆಮಾರಿನಲ್ಲಿ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ವಾರಾನ್ನದಲ್ಲಿ ಓದಿದವರಿದ್ದರು. ಬಳಿಕ ಆ ಜಾಗವನ್ನು ಸಮುದಾಯಗಳ ಸಂಘಗಳು ಕಟ್ಟಿಸಿದ ವಿದ್ಯಾರ್ಥಿನಿಲಯಗಳು ತುಂಬಿದವು, ಅವುಗಳಲ್ಲಿ ಹಲವು ಇಂದಿಗೂ ನಡೆಯುತ್ತಿವೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ಊಟ ವಸತಿ ಉಚಿತ. ಇವು ಮುಖ್ಯವಾಗಿ ಹೊರ ಊರಿನಿಂದ ಬರುವವರಿಗಾಗಿ ಇರುವಂಥವು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಪ್ರತ್ಯೇಕವಾಗಿ ಹಾಕಬೇಕು, ಕಾಲೇಜಿಗೆ ಸೇರಿದೊಡನೆ ಹಾಸ್ಟೆಲ್ ತಾನಾಗಿ ಸಿಗುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಿದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಆರಂಭವಾದ ಈ ನೆರವು ಬೆಂಗಳೂರಿನ ಬಾಡಿಗೆಯ ಮುಂದೆ ಸಣ್ಣದು, ಆದರೂ ಅರ್ಜಿ ಹಾಕದೆ ಬಿಡುವಷ್ಟು ಸಣ್ಣದಲ್ಲ. ಇದಕ್ಕೆಲ್ಲ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುವುದರಿಂದ, ಸೀಟು ಹಂಚಿಕೆಗೆ ಮುಂಚೆಯೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಶಿಕ್ಷಣ ಸಾಲ ತೆಗೆದುಕೊಳ್ಳುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಕಾಲೇಜಿನದೇ ಹಾಸ್ಟೆಲ್ ಶುಲ್ಕವನ್ನು ಸಾಲದಲ್ಲಿ ಸೇರಿಸುವುದು ಸುಲಭ; ಹೊರಗಿನ ಪಿಜಿಯ ಬಾಡಿಗೆಯ ವಿಷಯವನ್ನು ಬ್ಯಾಂಕಿನಲ್ಲಿ ಮುಂಚಿತವಾಗಿ ಮಾತನಾಡಿಕೊಳ್ಳಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪೋಷಕರು ಬೋಧನಾ ಶುಲ್ಕವನ್ನು ಕಡಿತಕ್ಕೆ ತೋರಿಸಬಹುದಾದರೂ ಹಾಸ್ಟೆಲ್ ಶುಲ್ಕವನ್ನು ಅದರಲ್ಲಿ ಸೇರಿಸುವಂತಿಲ್ಲ.

ಹಣ ಮತ್ತು ಸಮಯದ ಲೆಕ್ಕ ಮುಗಿದ ಮೇಲೂ ಉಳಿಯುವುದು ಮನೆ ಏನು ಕೊಡುತ್ತದೆ, ಏನು ಕೇಳುತ್ತದೆ ಎಂಬ ಪ್ರಶ್ನೆ. ಮನೆ ಬಿಸಿ ಊಟ ಕೊಡುತ್ತದೆ, ಜ್ವರ ಬಂದಾಗ ಗಂಜಿ ಕೊಡುತ್ತದೆ, ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದಾಗ ಮುಖ ನೋಡಿಯೇ ಗುರುತಿಸುವ ಒಬ್ಬರನ್ನಾದರೂ ಕೊಡುತ್ತದೆ. ಅದು ಕೇಳುವುದೂ ಕಡಿಮೆಯೇನಲ್ಲ. ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಟಿ.ವಿ., ತಮ್ಮನ ಆಟ, ಅಜ್ಜಿಯ ಔಷಧಿಯ ಹೊತ್ತು, ಬಂದುಹೋಗುವ ನೆಂಟರು ಇವುಗಳ ನಡುವೆ ಓದುವ ಮೂಲೆ ಎಲ್ಲಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅದರಲ್ಲೂ ಹೆಣ್ಣುಮಕ್ಕಳು ಮೂರು ಗಂಟೆ ಬಸ್ಸಿನಲ್ಲಿ ಕಳೆದು ಬಂದ ಮೇಲೆ ಪಾತ್ರೆ ತೊಳೆಯಲು ನಿಲ್ಲುವ ಮನೆಗಳು ನಮ್ಮಲ್ಲಿ ಈಗಲೂ ಇವೆ, ಅದೇ ವಯಸ್ಸಿನ ಅಣ್ಣ ಮೊಬೈಲ್ ಹಿಡಿದು ಕೂತಿರುತ್ತಾನೆ. “ಹೆಣ್ಣುಮಗಳು, ಮನೆಯಿಂದಲೇ ಓದಲಿ ಬಿಡಿ” ಎನ್ನುವ ಹಿರಿಯರು ಹೇಳುವುದು ಸುರಕ್ಷತೆಯ ಮಾತೆಂದು ಒಪ್ಪಿಕೊಂಡರೂ, ಸಂಜೆ ಏಳರ ನಂತರ ಎರಡು ಬಸ್ಸು ಬದಲಾಯಿಸಿ ಬರುವುದು ಕಾಲೇಜಿನ ಪಕ್ಕದ ಹಾಸ್ಟೆಲ್‌ಗಿಂತ ಸುರಕ್ಷಿತವೇ ಎಂದು ಅವರು ಯೋಚಿಸಬೇಕು. ಮನೆಯಲ್ಲೇ ಇರುವುದೆಂದು ತೀರ್ಮಾನವಾದರೆ ಓದುವ ಹೊತ್ತು, ಮನೆಗೆಲಸದ ಪಾಲು, ತಡವಾಗಿ ಬರುವ ದಿನಗಳ ಬಗ್ಗೆ ತರಗತಿ ಆರಂಭವಾಗುವ ಮುನ್ನವೇ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ ಒಪ್ಪಂದಕ್ಕೆ ಬರುವುದು, ಆಮೇಲೆ ದಿನಾ ವಾದ ಮಾಡುವುದಕ್ಕಿಂತ ಮೇಲು.

ಹೊರಗೆ ಹೋಗುವವರಿಗೆ ಕಷ್ಟವಾಗುವುದು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ. ಮನೆಯ ನೆನಪಿನಿಂದ ಊಟ ಸೇರದಿರುವುದು, ಪ್ರತಿ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಓಡುವುದು ಇವು ಕಾಯಿಲೆಯಲ್ಲ. ಸ್ವಲ್ಪ ಕಾಲ ಕೊಟ್ಟರೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಒಂದು ಸೆಮಿಸ್ಟರ್ ಕಳೆದರೂ ನಿದ್ದೆಯಿಲ್ಲದೆ, ತರಗತಿಗೂ ಹೋಗದೆ ಇದ್ದರೆ ಅದನ್ನು ಸೋಮಾರಿತನವೆಂದು ಬೈಯದೆ ನೆರವು ಪಡೆಯಬೇಕು. ಕೇಂದ್ರ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ವಿಷಯದಲ್ಲಿ ಯುಜಿಸಿಯ 2009ರ ನಿಯಮಗಳು ಹಾಸ್ಟೆಲ್‌ಗೂ ಅನ್ವಯಿಸುತ್ತವೆ. ಅದರ ಸಹಾಯವಾಣಿ 1800–180–5522.

ಇದಿಷ್ಟನ್ನೂ ಕೂಡಿಸಿ ನೋಡಿದಾಗ ನನ್ನ ತೂಕ ಹೀಗಿದೆ. ಒಂದು ಕಡೆಯ ಪ್ರಯಾಣ ಒಂದು ಗಂಟೆಯೊಳಗೆ ಮುಗಿಯುವುದಾದರೆ ಮನೆಯೇ ಸರಿ. ಪಿಜಿಗೆ ಹೋಗಬೇಕಿದ್ದ ಹಣವನ್ನು ಒಳ್ಳೆಯ ಲ್ಯಾಪ್‌ಟಾಪಿಗೋ ಸಾಲ ಕಡಿಮೆ ಮಾಡಿಕೊಳ್ಳಲೋ ಬಳಸಬಹುದು. ಒಂದೂವರೆ ಗಂಟೆ ಮೀರಿದರೆ ಮನೆಯಲ್ಲಿರುವುದು ಹೆಸರಿಗಷ್ಟೇ. ಮಲಗಲು ಬರುವ ಜಾಗಕ್ಕಾಗಿ ದಿನದ ಮೂರು ಗಂಟೆ ತೆರಬೇಕಾಗುತ್ತದೆ. ಇವೆರಡರ ನಡುವೆ ಬೀಳುವವರು ಮೊದಲ ಸೆಮಿಸ್ಟರ್ ಮನೆಯಿಂದಲೇ ಓಡಾಡಿ ನೋಡುವುದು ಮೇಲು, ಏಕೆಂದರೆ ಮನೆಯಿಂದ ಪಿಜಿಗೆ ಹೋಗಲು ಒಂದು ಬ್ಯಾಗ್ ಸಾಕು, ಮುಂಗಡ ಕೊಟ್ಟ ಪಿಜಿಯಿಂದ ಮನೆಗೆ ಬರಲು ದುಡ್ಡು ಕಳೆದುಕೊಳ್ಳಬೇಕು. ಅಷ್ಟು ಹೊತ್ತಿಗೆ ಜೊತೆಗೆ ಕೋಣೆ ಹಿಡಿಯಬಲ್ಲ ನಂಬಿಕೆಯ ಗೆಳೆಯರೂ ಸಿಕ್ಕಿರುತ್ತಾರೆ. ನಾಲ್ವರು ಸೇರಿ ಮನೆಯನ್ನೇ ಬಾಡಿಗೆಗೆ ಹಿಡಿಯುವ ಆಲೋಚನೆ ಎರಡನೆಯ ವರ್ಷದಲ್ಲಿ ಎಲ್ಲರಿಗೂ ಬರುತ್ತದೆ. ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್, 11 ತಿಂಗಳ ಕರಾರು, ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿಯುವ ಪದ್ಧತಿ ಇವೆಲ್ಲ ಅಲ್ಲಿ ಎದುರಾಗುವುದರಿಂದ, ಕರಾರು ಯಾರ ಹೆಸರಿನಲ್ಲಿದೆ, ನಡುವೆ ಒಬ್ಬ ಬಿಟ್ಟುಹೋದರೆ ಅವನ ಪಾಲಿನ ಅಡ್ವಾನ್ಸನ್ನು ಯಾರು ಕೊಡಬೇಕು ಎಂಬುದನ್ನು ಬಿಳಿ ಹಾಳೆಯ ಮೇಲಾದರೂ ಬರೆದು ನಾಲ್ವರೂ ಸಹಿ ಹಾಕಿಟ್ಟುಕೊಳ್ಳಬೇಕು. ಪಿಜಿ ಬದಲಾಯಿಸುವವರು ಪರೀಕ್ಷೆ ಮುಗಿಯುವ ದಿನವನ್ನು ನೋಡಿಕೊಂಡು ಅದಕ್ಕೆ ಒಂದು ತಿಂಗಳ ಮುಂಚೆಯೇ ನೋಟಿಸ್ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅವರಿಂದ ಉತ್ತರ ಬಂದದ್ದನ್ನು ಉಳಿಸಿಟ್ಟುಕೊಳ್ಳುವುದು ಒಳ್ಳೆಯದು.